ಒಂದೇ ಚೀಲ ಮಂಡಕ್ಕಿ, ನಾಲ್ಕು ಊರಿನ ರುಚಿ

ದಾವಣಗೆರೆಯ ಮನೆಗಳಲ್ಲಿ ಅಕ್ಕಿ ಖಾಲಿಯಾದರೂ ಆದೀತು, ಮಂಡಕ್ಕಿ ಖಾಲಿಯಾಗುವುದಿಲ್ಲ. ಊರಲ್ಲಿ ಮಂಡಕ್ಕಿ ಭಟ್ಟಿ ಅಂತ ಒಂದು ಏರಿಯಾನೇ ಇದೆ. ಭದ್ರಾ ನಾಲೆಯ ನೀರಿಗೆ ಸುತ್ತಮುತ್ತ ಭತ್ತ ಬೆಳೆಯುತ್ತಾರೆ, ಊರೊಳಗೆ ಭಟ್ಟಿಗಳು ಉರಿಯುತ್ತವೆ, ಸಂಜೆಯಾದರೆ ಗಲ್ಲಿ ಗಲ್ಲಿಯಲ್ಲೂ ಮಂಡಕ್ಕಿ ಮೆಣಸಿನಕಾಯಿ. ಹೊರಗಿನವರು ಬೆಣ್ಣೆದೋಸೆ ಕೇಳಿಕೊಂಡು ಬರುತ್ತಾರೆ. ಊರಿನವರು ಸಂಜೆ ನಾಲ್ಕು ಜನ ಸೇರಿದರೆ ಹೋಗುವುದು ಮಂಡಕ್ಕಿ ಅಂಗಡಿಗೆ.

ಅದಕ್ಕೋ ಏನೋ, ಬೇರೆ ಊರಿಗೆ ಹೋದರೂ ನನ್ನ ಕಣ್ಣು ಮೊದಲು ಮಂಡಕ್ಕಿ ಗಾಡಿಯ ಮೇಲೇ ಬೀಳುತ್ತದೆ. ತಿಂದದ್ದನ್ನು ಮನೆಗೆ ಬಂದು ಮಾಡಿ ನೋಡದಿದ್ದರೆ ಸಮಾಧಾನವಿಲ್ಲ. ಅಕ್ಕನನ್ನು ಕೊಟ್ಟ ಊರು ಹುಬ್ಬಳ್ಳಿ, ಅಲ್ಲಿಯ ಗಿರ್ಮಿಟ್. ಯಜಮಾನರ ಕೆಲಸದ ಮೇಲೆ ಗಂಗಾವತಿಯಲ್ಲಿದ್ದಾಗ ಬೆಳಿಗ್ಗೆ ಬೆಳಿಗ್ಗೆ ತಿಂದ ಒಗ್ಗರಣೆ ಮಂಡಕ್ಕಿ. ಕೋಲ್ಕತ್ತಾಗೆ ಹೋದಾಗ ಮೈದಾನದ ಬಳಿ ಸಿಕ್ಕ ಝಾಲ್ ಮುಡಿ. ಕೊನೆಗೆ ನಮ್ಮದೇ ದಾವಣಗೆರೆಯ ನರ್ಗಿಸ್ ಮಂಡಕ್ಕಿ. ಈ ನಾಲ್ಕನ್ನೂ ಒಂದೇ ಅಂಗಡಿಯ ಮಂಡಕ್ಕಿಯಲ್ಲಿ, ಒಂದೇ ಅಡುಗೆಮನೆಯಲ್ಲಿ ಮಾಡಿ ಹೋಲಿಸಿದ್ದೇನೆ. ಯಾವುದು ಅಂಗಡಿ ರುಚಿಗೆ ಹತ್ತಿರ ಬಂತು, ಯಾವುದು ಬರಲಿಲ್ಲ, ಯಾವುದನ್ನು ಮನೆಯಲ್ಲಿ ಮಾಡುವುದೇ ದಂಡ ಅನ್ನುವುದಷ್ಟೇ ಇಲ್ಲಿನ ಮಾತು.

ಮೊದಲು ಮಂಡಕ್ಕಿಯ ಗುಣ ಗೊತ್ತಿರಬೇಕು. ಭತ್ತವನ್ನು ನೆನೆಸಿ, ಬಿಸಿ ಕೊಟ್ಟು, ಒಣಗಿಸಿ ಅಕ್ಕಿ ಮಾಡಿಸುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿಗೆ ಹಾಕುತ್ತಾರೆ. ಕಾಳಿನೊಳಗಿನ ತೇವ ಒಮ್ಮೆಗೇ ಆವಿಯಾಗಿ ಹೊರಗೆ ನುಗ್ಗುವಾಗ ಕಾಳು ಅರಳುತ್ತದೆ. ಅಂದರೆ ಒಳಗೆಲ್ಲ ಬರೀ ಗಾಳಿ ತುಂಬಿದ ತೂತುಗಳು. ನೀರು ಸಿಕ್ಕಿದರೆ ಸಾಕು, ಹೀರಿಕೊಂಡು ಕುಸಿಯುತ್ತದೆ. ಮಂಡಕ್ಕಿಯ ಯಾವ ತಿನಿಸೇ ಆಗಲಿ, ಜಗಳವೆಲ್ಲ ಈ ನೀರಿನ ಜೊತೆಗೇ. ಗಿರ್ಮಿಟ್ ನೀರಿನ ಜೊತೆ ಓಟಕ್ಕೆ ನಿಲ್ಲುತ್ತದೆ, ಒಗ್ಗರಣೆ ಮಂಡಕ್ಕಿ ಸೋಲೊಪ್ಪಿಕೊಂಡು ಶುರುವಾಗುತ್ತದೆ, ಝಾಲ್ ಮುಡಿ ಮತ್ತು ನರ್ಗಿಸ್ ಎಣ್ಣೆಯನ್ನು ಅಡ್ಡ ಇಡುತ್ತವೆ. ಇದು ಅರ್ಥವಾದ ಮೇಲೆ ನಾಲ್ಕನ್ನೂ ಮಾಡುವುದು ಸುಲಭವಾಯಿತು.

ಇನ್ನೆರಡು ಮಾತು. ಮಂಡಕ್ಕಿಯಲ್ಲೇ ಉಪ್ಪಿರುತ್ತದೆ, ಗೊಜ್ಜಿಗೆ ಅರ್ಧ ಉಪ್ಪು ಸಾಕು. ಮಳೆಗಾಲದಲ್ಲಿ ಮೆತ್ತಗಾದ ಮಂಡಕ್ಕಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮೂರು-ನಾಲ್ಕು ನಿಮಿಷ ಆಡಿಸಿ. ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಒಗ್ಗರಣೆ ಮಂಡಕ್ಕಿಗೆ ಮಾತ್ರ ಇದು ಬೇಡ, ಹೇಗೂ ನೆನೆಸುವುದೇ ತಾನೆ.

ಈಗ ಗಿರ್ಮಿಟ್. ನಾಲ್ಕರಲ್ಲಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಇದಕ್ಕೇ. ಹುಬ್ಬಳ್ಳಿ-ಧಾರವಾಡದ ಗಾಡಿಯವರು ಗೊಜ್ಜನ್ನು ಮೊದಲೇ ಮಾಡಿ ಡಬರಿಯಲ್ಲಿ ಇಟ್ಟಿರುತ್ತಾರೆ. ಗಿರಾಕಿ ಬಂದ ಮೇಲೆ ಚುರಮುರಿಗೆ (ಮಂಡಕ್ಕಿಗೆ ಅಲ್ಲಿ ಹೀಗನ್ನುತ್ತಾರೆ) ಗೊಜ್ಜು, ಪುಟಾಣಿ ಅಂದರೆ ಹುರಿಗಡಲೆಯ ಹಿಟ್ಟು, ಹಸಿ ಈರುಳ್ಳಿ, ಕೊತ್ತಂಬರಿ ಹಾಕಿ ಕಲಸಿ, ಮೇಲೆ ಸೇವ್ ಉದುರಿಸಿ ಕೊಡುತ್ತಾರೆ. ಗುಟ್ಟಿರುವುದು ಗೊಜ್ಜಿನಲ್ಲಿ.

ಗೊಜ್ಜನ್ನು ಎರಡು ರೀತಿ ಮಾಡಿ ನೋಡಿದೆ. ಒಂದು, ಟೊಮೆಟೊ ಹಾಕಿದ್ದು. ನಾಲ್ಕು ಜನಕ್ಕೆ ಒಂದು ದೊಡ್ಡ ಈರುಳ್ಳಿ, ಎರಡು ಟೊಮೆಟೊ, ನಾಲ್ಕು ಹಸಿಮೆಣಸಿನಕಾಯಿ ಜಜ್ಜಿದ್ದು, ಅರಿಶಿನ, ಸ್ವಲ್ಪ ಹುಣಸೆ, ಸ್ವಲ್ಪ ಬೆಲ್ಲ. ನೋಡಲು ಚೆಂದ, ಬಣ್ಣ ಚೆಂದ. ಇನ್ನೊಂದು, ಟೊಮೆಟೊ ಇಲ್ಲದ್ದು. ನಿಂಬೆ ಗಾತ್ರದ ಹುಣಸೆಹಣ್ಣನ್ನು ಅರ್ಧ ಲೋಟ ನೀರಲ್ಲಿ ಕಿವುಚಿ, ಅದಕ್ಕೆ ತಕ್ಕ ಬೆಲ್ಲ ಹಾಕಿ, ಈರುಳ್ಳಿ ಮೆಣಸಿನಕಾಯಿ ಒಗ್ಗರಣೆಯಲ್ಲಿ ಎಣ್ಣೆ ಬಿಡುವವರೆಗೆ ಕುದಿಸಿದ್ದು. ಅಕ್ಕನ ಅತ್ತೆ ಫೋನಿನಲ್ಲಿ ಹೇಳಿದ್ದು ಇದನ್ನೇ: "ಗೊಜ್ಜು ಗಟ್ಟಿ ಇರ್ಬೇಕ್ ನೋಡವ್ವಾ. ನೀರ್ ನೀರ್ ಆತಂದ್ರ ಚುರಮುರಿ ಸತ್ತಂಗ."

ಅವರ ಮಾತೇ ಸರಿ. ಟೊಮೆಟೊ ಗೊಜ್ಜನ್ನು ಎಷ್ಟೇ ಬತ್ತಿಸಿದರೂ ತಣ್ಣಗಾದಾಗ ಸುತ್ತ ನೀರು ಬಿಡುತ್ತದೆ. ಆ ನೀರು ಮಂಡಕ್ಕಿಗೆ ಹತ್ತಿದರೆ ತಟ್ಟೆ ಕೈಗೆ ಬರುವಷ್ಟರಲ್ಲಿ ಮುದ್ದೆ. ಹುಣಸೆ ಗೊಜ್ಜು ಕಾಳಿಗೆ ಅಂಟಿಕೊಳ್ಳುತ್ತದೆ, ಒಳಗೆ ಇಳಿಯುವುದಿಲ್ಲ. ಫ್ರಿಜ್ಜಿನಲ್ಲಿ ನಾಲ್ಕು ದಿನ ಇದ್ದರೂ ಕೆಡುವುದಿಲ್ಲ. ಟೊಮೆಟೊ ರುಚಿ ಬೇಕೇ ಬೇಕು ಅನ್ನುವವರು ಬೀಜ ತೆಗೆದು ಸಣ್ಣಗೆ ಹೆಚ್ಚಿ ಕೊನೆಗೆ ಹಸಿಯಾಗಿ ಹಾಕಿಕೊಳ್ಳಲಿ.

ಪುಟಾಣಿ ಹಿಟ್ಟಿನ ವಿಷಯದಲ್ಲೂ ಎರಡು ಪಂಗಡ. ಹಿಟ್ಟನ್ನು ಮೊದಲು ಮಂಡಕ್ಕಿಗೆ ಹಾಕಿ ಆಮೇಲೆ ಗೊಜ್ಜು ಅನ್ನುವವರು ಒಂದು ಕಡೆ, ಗೊಜ್ಜು ಕಲಸಿ ಮೇಲೆ ಹಿಟ್ಟು ಅನ್ನುವವರು ಇನ್ನೊಂದು ಕಡೆ. ಮೊದಲೇ ಹಾಕಿದರೆ ಅರ್ಧ ಹಿಟ್ಟು ಪಾತ್ರೆಯ ತಳ ಸೇರುತ್ತದೆ. ಗೊಜ್ಜಿನ ಮೇಲೆ ಹಾಕಿದರೆ ಕಾಳಿಗೆ ಒಂದು ಪದರ ಕೂರುತ್ತದೆ, ಒದ್ದೆಯನ್ನೂ ಎಳೆದುಕೊಳ್ಳುತ್ತದೆ. ನನ್ನ ಓಟು ಇದಕ್ಕೆ. ಹಿಟ್ಟು ತೀರಾ ನುಣ್ಣಗಿರಬಾರದು, ನುಣ್ಣಗಿದ್ದರೆ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ. ಮಿಕ್ಸಿಯಲ್ಲಿ ಎರಡು ಸುತ್ತು, ತರಿ ತರಿಯಾಗಿ. ಎಂಟು ಲೋಟ ಮಂಡಕ್ಕಿಗೆ ಅರ್ಧ ಲೋಟ ಹಿಟ್ಟು. ಗೊಜ್ಜು ಉಗುರು ಬೆಚ್ಚಗಿರುವಾಗ ಕಲಸಬೇಕು, ಬಿಸಿ ಗೊಜ್ಜಿನ ಆವಿಗೇ ಮಂಡಕ್ಕಿ ಬಾಡುತ್ತದೆ.

ಇಷ್ಟು ಮಾಡಿದರೆ ಹುಬ್ಬಳ್ಳಿ ಗಾಡಿಯ ರುಚಿ ಮುಕ್ಕಾಲು ಪಾಲು ಬರುತ್ತದೆ. ಉಳಿದ ಕಾಲು ಭಾಗ ಬೀದಿಯಲ್ಲಿ ನಿಂತು ತಿನ್ನುವುದರಲ್ಲಿದೆ, ಅದಕ್ಕೆ ರೆಸಿಪಿ ಇಲ್ಲ. ಕಲಸಿದ ಐದು ನಿಮಿಷದಲ್ಲಿ ತಿಂದು ಮುಗಿಸಬೇಕು. ಸ್ನಾನಕ್ಕೆ ಹೋದವರಿಗೆ, ಫೋನಲ್ಲಿ ಮಾತಾಡುತ್ತಿರುವವರಿಗೆ ಕಲಸಿ ಇಡುವ ತಿನಿಸು ಇದಲ್ಲ.

ಗಂಗಾವತಿಯ ಒಗ್ಗರಣೆ ಮಂಡಕ್ಕಿ ಇದಕ್ಕೆ ಪೂರ್ತಿ ತದ್ವಿರುದ್ಧ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಬೆಳಗಿನ ತಿಂಡಿಯೇ ಇದು, ಜೊತೆಗೆ ಬಿಸಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ. ಬಾಗಲಕೋಟೆ, ವಿಜಯಪುರದ ಕಡೆ ಸುಸಲಾ ಅಂತಾರೆ. ಆಂಧ್ರದ ಅನಂತಪುರ, ಕರ್ನೂಲಿನಲ್ಲಿ ಉಗ್ಗಾಣಿ-ಬಜ್ಜಿ. ಚಳ್ಳಕೆರೆ ದಾಟಿ ಆಚೆ ಹೋದರೆ ಅನಂತಪುರ ಜಿಲ್ಲೆಯೇ ಸಿಗುತ್ತದೆ, ಹಾಗಾಗಿ ನಮಗೆ ದೂರದ ತಿಂಡಿಯೂ ಅಲ್ಲ. ಆದರೂ ದಾವಣಗೆರೆಯಲ್ಲಿ ಮಂಡಕ್ಕಿ ಅಂದರೆ ಸಂಜೆಗೇ. ಮೊದಲ ಸಲ ಬೆಳಿಗ್ಗೆ ಇದನ್ನು ಬಡಿಸಿದಾಗ ನಮ್ಮ ಅತ್ತೆ ಕೇಳಿದ್ದು ಒಂದೇ ಮಾತು: "ತಿಂಡಿ ಎಲ್ಲೇ?"

ಮಂಡಕ್ಕಿಯನ್ನು ನೀರಿಗೆ ಹಾಕಿ, ಹಿಂಡಿ, ಅವಲಕ್ಕಿಯ ಹಾಗೆ ಒಗ್ಗರಣೆಗೆ ಹಾಕುವುದು. ಕೇಳಲು ಸುಲಭ. ನೆನೆಸುವುದರಲ್ಲೇ ಎಲ್ಲ ಇರುವುದು. ಜರಡಿಯಲ್ಲಿ ಹಾಕಿ ಮೇಲಿಂದ ನೀರು ಬಿಡುವುದು ಒಂದು ದಾರಿ. ಕೆಲಸ ಬೇಗ ಆಗುತ್ತದೆ, ಆದರೆ ಮೇಲಿನದು ನೆಂದು ಕೆಳಗಿನದು ಒಣಗಿರುತ್ತದೆ, ಬಾಯಲ್ಲಿ ಅಲ್ಲಲ್ಲಿ ಚರ್ಮದ ಹಾಗೆ ಸಿಗುತ್ತದೆ. ಇನ್ನೊಂದು ದಾರಿ, ದೊಡ್ಡ ಪಾತ್ರೆ ನೀರಲ್ಲಿ ಎರಡೆರಡು ಹಿಡಿ ಮುಳುಗಿಸಿ, ಕೈಯಾಡಿಸಿ, ಎರಡೂ ಅಂಗೈ ಮಧ್ಯೆ ಮೆಲ್ಲಗೆ ಒತ್ತಿ ತೆಗೆಯುವುದು. ಹೊತ್ತು ಹಿಡಿಯುತ್ತದೆ, ಆದರೆ ಒಂದೊಂದು ಕಾಳೂ ಒಂದೇ ಹದ. ನಮ್ಮಲ್ಲಿ ಸಿಗುವ ಹಗುರ ಮಂಡಕ್ಕಿಗೆ ಅರ್ಧ ನಿಮಿಷವೂ ಬೇಡ, ಮುಳುಗಿಸಿ ತೆಗೆದರೆ ಸಾಕು. ಇದಕ್ಕೆಂದೇ ದಪ್ಪ ಕಾಳಿನದನ್ನು ಕೇಳಿ ತಂದರೆ ಇನ್ನೂ ಒಳ್ಳೆಯದು. ಹಿಂಡಿದ ಮೇಲೆ ರಾಶಿ ಕುಗ್ಗಿಬಿಡುತ್ತದೆ. ಅಯ್ಯೋ ಜಾಸ್ತಿಯಾಯಿತು ಅನ್ನಿಸುವಷ್ಟು ಮಂಡಕ್ಕಿ ತೆಗೆದುಕೊಂಡರೇನೇ ನಾಲ್ಕು ಜನಕ್ಕೆ ಸಾಲುವುದು.

ಒಗ್ಗರಣೆಗೆ ಸಾಸಿವೆ, ಜೀರಿಗೆ, ಶೇಂಗಾ, ಕರಿಬೇವು, ಉದ್ದಕ್ಕೆ ಸೀಳಿದ ಹಸಿಮೆಣಸಿನಕಾಯಿ, ಈರುಳ್ಳಿ, ಅರಿಶಿನ. ಹಿಂಡಿದ ಮಂಡಕ್ಕಿ ಹಾಕಿ ಎರಡು ನಿಮಿಷ ಮಗುಚಿ, ಒಲೆ ಆರಿಸಿ, ಆಮೇಲೆ ಪುಟಾಣಿ ಹಿಟ್ಟು, ಕೊತ್ತಂಬರಿ, ನಿಂಬೆರಸ. ಹಿಟ್ಟನ್ನು ಉರಿ ಮೇಲೆ ಹಾಕಿದರೆ ಅಂಟು ಬರುತ್ತದೆ. ಗಂಗಾವತಿಯಲ್ಲಿ ತಿಂದ ರುಚಿಗೂ ಮನೆಯದಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. ನಾಲ್ಕರಲ್ಲಿ ಅಂಗಡಿಗೆ ತೀರಾ ಹತ್ತಿರ ಬಂದದ್ದು ಇದೇ. ಒಂದೆರಡು ಗಂಟೆ ಮುಚ್ಚಿಟ್ಟರೂ ಏನೂ ಆಗುವುದಿಲ್ಲ, ಮಗನ ಡಬ್ಬಿಗೂ ಹೋಗುತ್ತದೆ. ಅವಲಕ್ಕಿಗಿಂತ ಹಗುರ. ಎಣ್ಣೆ ಮಾತ್ರ ಸ್ವಲ್ಪ ಧಾರಾಳ ಬೇಕು, ಕಂಜೂಸಿ ಮಾಡಿದರೆ ಒಣಗಿದ ಅನ್ನದ ರುಚಿ.

ಝಾಲ್ ಮುಡಿಗೆ ಒಲೆಯೇ ಬೇಡ, ಕಡಲೆ ಮತ್ತು ಆಲೂಗಡ್ಡೆ ಬೇಯಿಸಿಕೊಂಡಿದ್ದರೆ ಆಯಿತು. ಕೋಲ್ಕತ್ತಾದಲ್ಲಿ ಮಾರುವವರು ಕುತ್ತಿಗೆಗೆ ಡಬ್ಬಿಗಳ ಪೆಟ್ಟಿಗೆ ನೇತುಹಾಕಿಕೊಂಡು ನಿಂತಿರುತ್ತಾರೆ. ಒಂದು ಡಬ್ಬಿಗೆ ಮಂಡಕ್ಕಿ, ಬೆಂದ ಕರಿ ಕಡಲೆ, ಆಲೂಗಡ್ಡೆ, ಸೌತೆಕಾಯಿ, ಈರುಳ್ಳಿ, ಹಸಿಮೆಣಸಿನಕಾಯಿ, ಚನಾಚೂರ್ ಅನ್ನುವ ಅವರ ಮಿಕ್ಸ್ಚರ್, ಹುರಿದ ಜೀರಿಗೆ-ಮೆಣಸಿನ ಪುಡಿ ಹಾಕಿ, ಮೇಲೆ ಹಸಿ ಸಾಸಿವೆ ಎಣ್ಣೆ ಸುರಿದು, ಚಮಚದಿಂದ ಟಕ ಟಕ ಕಲಸಿ ಕಾಗದದ ಪೊಟ್ಟಣಕ್ಕೆ ಹಾಕುತ್ತಾರೆ. ಮೇಲೊಂದು ಉದ್ದನೆಯ ಕೊಬ್ಬರಿ ಚೂರು.

ಡಬ್ಬಿಯಲ್ಲಿ ಕಲಸುವುದು ಸುಮ್ನೆ ಶೋಕಿಗಲ್ಲ. ಅಗಲ ಬೋಗುಣಿಯಲ್ಲಿ ಕೈಯಿಂದ ಕಲಸಿದರೆ ಸೌತೆಕಾಯಿ ನೀರು ಬಿಡುವಷ್ಟು ಹೊತ್ತಾಗುತ್ತದೆ. ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕುಲುಕಿದರೆ ಕ್ಷಣದಲ್ಲಿ ಎಣ್ಣೆ ಎಲ್ಲ ಕಾಳಿಗೂ ಹರಡುತ್ತದೆ. ಎಣ್ಣೆ ಹತ್ತಿದ ಕಾಳು ನೀರನ್ನು ಅಷ್ಟು ಬೇಗ ಹೀರುವುದಿಲ್ಲ.

ನಮ್ಮಲ್ಲಿ ಇದಕ್ಕೆ ಅಡ್ಡಿ ಸಾಸಿವೆ ಎಣ್ಣೆಯೇ. ದೊಡ್ಡ ಅಂಗಡಿಗಳಲ್ಲಿ ಬಾಟಲಿ ಸಿಗುತ್ತದೆ. ಮುಚ್ಚಳ ತೆಗೆದ ಕೂಡಲೇ ಅತ್ತೆ, "ಇದು ಮೈಗೆ ಹಚ್ಚೋ ಎಣ್ಣೆ ಅಲ್ವೇನೇ?" ಅಂದರು. ಹಾಗಾಗಿ ಬದಲಿ ದಾರಿಯನ್ನೂ ನೋಡಿದೆ. ಶೇಂಗಾ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ ಹಾಕಿದರೆ ಆ ಘಾಟು ಬರುವುದೇ ಇಲ್ಲ, ನಮ್ಮ ಖಾರ ಮಂಡಕ್ಕಿಯ ತಮ್ಮನಾಗುತ್ತದೆ ಅಷ್ಟೇ. ಸಾಸಿವೆಯ ಘಾಟು ಹುಟ್ಟುವುದು ಅದನ್ನು ಜಜ್ಜಿ ತಣ್ಣೀರು ಸೋಕಿಸಿದಾಗ. ಕಾದ ಎಣ್ಣೆಗೆ ಬಿದ್ದರೆ ಅದು ಹುಟ್ಟುವುದೇ ಇಲ್ಲ. ಒಂದು ಚಮಚ ಸಾಸಿವೆ ಪುಡಿ ಮಾಡಿ, ಎರಡು ಚಮಚ ತಣ್ಣೀರಲ್ಲಿ ಹತ್ತು ನಿಮಿಷ ಬಿಟ್ಟು, ಹಸಿ ಶೇಂಗಾ ಎಣ್ಣೆಗೆ ಕದಡಿ ಹಾಕಿದೆ. ಮೂಗಿಗೆ ಹತ್ತುವ ಘಾಟು ಬಂತು, ಸ್ವಲ್ಪ ಕಹಿಯೂ ಬಂತು. ಮನೆಯವರು ಇದನ್ನೇ ಹೆಚ್ಚು ಮೆಚ್ಚಿದರು. ನನಗೆ ನಿಜವಾದ ಸಾಸಿವೆ ಎಣ್ಣೆಯದೇ ಬೇಕು. ಕೋಲ್ಕತ್ತಾ ನೆನಪಿಗೆ ಬರುವುದು ಅದರಲ್ಲಿ ಮಾತ್ರ.

ನರ್ಗಿಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳ್ಳುಳ್ಳಿ, ಅರಿಶಿನದ ಒಗ್ಗರಣೆ ಎಣ್ಣೆ, ಖಾರದಪುಡಿ, ಪುಟಾಣಿ ಹಿಟ್ಟು, ಈರುಳ್ಳಿ, ಟೊಮೆಟೊ, ಕೊತ್ತಂಬರಿ, ನಿಂಬೆ. ಮನೆಯಲ್ಲಿ ಮಾಡಿದ್ದು ಚೆನ್ನಾಗಿಯೇ ಇತ್ತು. ಆದರೆ ಹತ್ತು ಹೆಜ್ಜೆ ದೂರದಲ್ಲಿ ಅಂಗಡಿಯವನು ಬುಟ್ಟಿಗಟ್ಟಲೆ ಮಂಡಕ್ಕಿಯನ್ನು ಎರಡೂ ಕೈಯಲ್ಲಿ ಮೇಲೆ ಕೆಳಗೆ ಮಾಡಿ ಕಲಸುವಾಗ ಆ ಎಣ್ಣೆ ಹರಡುವ ಪರಿಯೇ ಬೇರೆ. ದಾವಣಗೆರೆಯಲ್ಲಿ ಇರುವವರು ಇದನ್ನು ಮನೆಯಲ್ಲಿ ಮಾಡುವುದು ದಂಡ. ಬೆಂಗಳೂರಿಗೋ ಪುಣೆಗೋ ಹೋಗಿ ಸೇರಿದವರು ಮಾಡಿಕೊಳ್ಳಲಿ, ಒಂದು ಮಾತು ನೆನಪಿಟ್ಟುಕೊಂಡು: ಎಣ್ಣೆ ಮೊದಲು, ಪುಡಿಗಳು ಆಮೇಲೆ, ಟೊಮೆಟೊ ಕಟ್ಟಕಡೆಗೆ.

ಜೊತೆಗೆ ಏನು? ನರ್ಗಿಸ್‌ಗೂ ಒಗ್ಗರಣೆ ಮಂಡಕ್ಕಿಗೂ ಮೆಣಸಿನಕಾಯಿ ಬಜ್ಜಿ ಇಲ್ಲದೆ ನಡೆಯುವುದಿಲ್ಲ. ಉದ್ದನೆಯ ತಿಳಿ ಹಸಿರು ಮೆಣಸಿನಕಾಯಿ ಸೀಳಿ, ಒಳಗೆ ಓಂಕಾಳು-ಉಪ್ಪು-ಹುಣಸೆ ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಎರಡಕ್ಕೂ ಹೊಂದುತ್ತದೆ. ಗಿರ್ಮಿಟ್‌ಗೂ ಹುಬ್ಬಳ್ಳಿಯಲ್ಲಿ ಮಿರ್ಚಿ ಕೊಡುತ್ತಾರೆ, ಆದರೆ ಮನೆಯಲ್ಲಿ ಎಣ್ಣೆಯಲ್ಲಿ ಬಾಡಿಸಿ ಉಪ್ಪು ಸವರಿದ ಸಣ್ಣ ಹಸಿಮೆಣಸಿನಕಾಯಿಯೇ ಸಾಕು ಅನ್ನಿಸಿತು. ಗೊಜ್ಜಿನ ಸಿಹಿಗೆ ಆ ಖಾರ ಸರಿ. ಝಾಲ್ ಮುಡಿಗೆ ಏನೂ ಬೇಡ, ಒಂದು ಲೋಟ ಟೀ ಇರಲಿ.

ರುಚಿಗೆ ಅಂಕ ಕೊಡಿ ಅಂದರೆ ಗಿರ್ಮಿಟ್ ಮೊದಲು, ಅನುಮಾನವೇ ಇಲ್ಲ. ಆದರೆ ನಮ್ಮ ಮನೆಯಲ್ಲಿ ಮತ್ತೆ ಮತ್ತೆ ಆಗುತ್ತಿರುವುದು ಒಗ್ಗರಣೆ ಮಂಡಕ್ಕಿ. ಕಾಯುವ ತಿಂಡಿ ಅದೊಂದೇ, ಎದ್ದು ಬರುವವರು ಒಬ್ಬೊಬ್ಬರಾಗಿ ಬಂದರೂ ನಡೆಯುತ್ತದೆ. ಗಿರ್ಮಿಟ್ ನೆಂಟರು ಬಂದ ಸಂಜೆಗೆ, ಗೊಜ್ಜು ಮಧ್ಯಾಹ್ನವೇ ಮಾಡಿಟ್ಟು. ಮನೆಯಲ್ಲಿ ಒಬ್ಬಳೇ ಇದ್ದಾಗ ಝಾಲ್ ಮುಡಿ. ತಿಂಡಿ ಎಲ್ಲೇ ಅಂದಿದ್ದ ಅತ್ತೆ ಈಗ ಭಾನುವಾರ ಬೆಳಿಗ್ಗೆ ಒಗ್ಗರಣೆ ಮಂಡಕ್ಕಿಯನ್ನೇ ಕೇಳುತ್ತಾರೆ. ಮಂಡಕ್ಕಿ ಹಿಂಡುವ ಕೆಲಸವನ್ನೂ ಅವರೇ ಹಿಡಿದಿದ್ದಾರೆ, ನಾನು ಜಾಸ್ತಿ ಹಿಂಡುತ್ತೇನಂತೆ.