ಹಳೆಯ ಪರ್ಪೆಚುಯಲ್ ಕ್ಯಾಲೆಂಡರ್ ಕೈಗಡಿಯಾರ ಕೊಳ್ಳುವವರ ಗಮನಕ್ಕೆ

ಪರ್ಪೆಚುಯಲ್ ಕ್ಯಾಲೆಂಡರ್ (ತಿಂಗಳ ದಿನಗಳನ್ನೂ ಅಧಿಕ ವರ್ಷವನ್ನೂ ತಾನೇ ಲೆಕ್ಕ ಹಾಕಿ ದಿನಾಂಕ ತೋರಿಸುವ ವ್ಯವಸ್ಥೆ) ಮತ್ತು ಕ್ರೋನೋಗ್ರಾಫ್ (ಸ್ಟಾಪ್‌ವಾಚ್) ಎರಡನ್ನೂ ಹೊಂದಿರುವ, ಬಹಳ ಕಡಿಮೆ ಸಂಖ್ಯೆಯಲ್ಲಿ ತಯಾರಾದ ಹಳೆಯ ಕೈಗಡಿಯಾರವೊಂದನ್ನು ಮಾರಾಟಗಾರರೊಬ್ಬರಿಂದ ಕೊಂಡು ನಾನು ದೊಡ್ಡ ನಷ್ಟ ಅನುಭವಿಸಿದ್ದೇನೆ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರು ಅನುಸರಿಸಿದ ವಿಧಾನವನ್ನು ಮಾತ್ರ ವಿವರಿಸುತ್ತೇನೆ.

ವ್ಯವಹಾರ ಮುಗಿಸುವ ಮೊದಲು ಅವರು ಗಡಿಯಾರವನ್ನು ನನ್ನೆದುರಿಗೇ ಟೈಮ್‌ಗ್ರಾಫರ್ (ಗಡಿಯಾರದ ಓಟವನ್ನು ಸದ್ದಿನಿಂದ ಅಳೆಯುವ ಯಂತ್ರ) ಮೇಲಿಟ್ಟು ತೋರಿಸಿದರು. ದಿನಕ್ಕೆ ಕೆಲವೇ ಸೆಕೆಂಡುಗಳ ವ್ಯತ್ಯಾಸ, ಗಡಿಯಾರದ ಲಯ ಕಾಯುವ ಬ್ಯಾಲೆನ್ಸ್ ಚಕ್ರದ ಆಂಪ್ಲಿಟ್ಯೂಡ್ (ಅತ್ತಿತ್ತ ತೂಗುವ ಕೋನ) 280 ಡಿಗ್ರಿಯ ಆಸುಪಾಸು; ಅಂಕಿಗಳಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಆದರೆ ಆ ಯಂತ್ರ ಕೇಳಿಸಿಕೊಳ್ಳುವುದು ಚಕ್ರಗಳನ್ನು ಹಲ್ಲುಹಲ್ಲಾಗಿ ಬಿಡುವ ಎಸ್ಕೇಪ್‌ಮೆಂಟಿನ ಸದ್ದನ್ನು ಮಾತ್ರ. ಕ್ರೋನೋಗ್ರಾಫ್ ನಿಂತಿರುವಾಗ, ಮುಳ್ಳುಗಳು ಮಧ್ಯರಾತ್ರಿಯಿಂದ ದೂರವಿದ್ದು ಕ್ಯಾಲೆಂಡರಿನ ಸನ್ನೆಗಳ (ಲಿವರ್‌ಗಳ) ಮೇಲೆ ಯಾವ ಭಾರವೂ ಇಲ್ಲದಿರುವಾಗ ಅಳೆದ ಅಂಕಿಗಳು, ಗ್ರಾಹಕರು ಯಾವ ಭಾಗಗಳಿಗಾಗಿ ಅಷ್ಟು ಹಣ ಕೊಡುತ್ತಾರೋ ಆ ಭಾಗಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ದೋಷ ಹೊರಬಿದ್ದದ್ದು 30 ದಿನಗಳ ತಿಂಗಳೊಂದರ ಕೊನೆಯಲ್ಲಿ. ದಿನಾಂಕ 1ಕ್ಕೆ ನೆಗೆಯುವ ಬದಲು 31ಕ್ಕೆ ಹೋಗಿ ನಿಂತಿತು. ಇಂಥ ಗಡಿಯಾರಗಳಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷಗಳಿಗೊಮ್ಮೆ ಒಂದು ಸುತ್ತು ಮುಗಿಸುವ, 48 ತಿಂಗಳುಗಳ ಕ್ಯಾಮ್ (ಅಂಚಿನಲ್ಲಿ ಏರುತಗ್ಗುಗಳಿರುವ ಬಿಲ್ಲೆ) ಒಂದಿರುತ್ತದೆ. ಅದರ ಅಂಚಿನಲ್ಲಿ 30 ದಿನಗಳ ತಿಂಗಳಿಗೆ ಆಳವಿಲ್ಲದ ಕಚ್ಚು, ಫೆಬ್ರವರಿಗೆ ಆಳವಾದ ಕಚ್ಚು, ಅಧಿಕ ವರ್ಷದ ಫೆಬ್ರವರಿಗೆ ಅದಕ್ಕಿಂತ ತುಸು ಕಡಿಮೆ ಆಳದ ಕಚ್ಚು ಇರುತ್ತವೆ. ದೊಡ್ಡ ಸನ್ನೆಯ ಮೂತಿ ಆ ಕಚ್ಚಿಗೆ ಎಷ್ಟು ಇಳಿಯುತ್ತದೆ ಎಂಬುದರ ಮೇಲೆ ತಿಂಗಳ ಕೊನೆಯಲ್ಲಿ ದಿನಾಂಕ ಎಷ್ಟು ನೆಗೆಯಬೇಕು ಎಂಬುದು ನಿರ್ಧಾರವಾಗುತ್ತದೆ. ನುರಿತ ಗಡಿಯಾರ ತಜ್ಞರು ಡಯಲ್ ಬಿಚ್ಚಿ ನೋಡಿದಾಗ, ಆ ಸನ್ನೆ ಮೂಲದ್ದಲ್ಲವೆಂದೂ, ಯಾರೋ ಕೈಯಿಂದ ಅರದಲ್ಲಿ ಉಜ್ಜಿ ಮಾಡಿದ ಅದರ ಮೂತಿ ದಪ್ಪವಾಗಿ ಕಚ್ಚಿನ ಬಾಯಲ್ಲೇ ಸಿಕ್ಕಿಕೊಳ್ಳುತ್ತಿದೆಯೆಂದೂ ತಿಳಿಯಿತು. ಕ್ಯಾಲೆಂಡರಿನ ತಟ್ಟೆಯ ಮೇಲೆ ಕೊರೆದಿದ್ದ ಸಂಖ್ಯೆ ಮೂವ್‌ಮೆಂಟಿನ (ಒಳಯಂತ್ರದ) ಸಂಖ್ಯೆಗೆ ಹೊಂದುತ್ತಿರಲಿಲ್ಲ. ಅಂದರೆ ಎರಡು ಗಡಿಯಾರಗಳ ಭಾಗಗಳನ್ನು ಕೂಡಿಸಿ ಒಂದು ಮಾಡಲಾಗಿತ್ತು. ಕ್ರೋನೋಗ್ರಾಫ್ ಓಡಿಸಿದಾಗ ಆಂಪ್ಲಿಟ್ಯೂಡ್ ಕುಸಿಯುತ್ತಿದ್ದುದೂ ಆಗಲೇ ಕಂಡಿತು.

ಮಾರಾಟಗಾರರ ಉತ್ತರ ಸಿದ್ಧವಾಗಿತ್ತು: "ನೀವು ರಾತ್ರಿ ಹೊತ್ತಿನಲ್ಲಿ ಕರೆಕ್ಟರ್ ಗುಂಡಿ ಒತ್ತಿ ಹಾಳು ಮಾಡಿದ್ದೀರಿ." ಕ್ಯಾಲೆಂಡರನ್ನು ಹೊಂದಿಸುವ ಆ ಗುಂಡಿಗಳನ್ನು ದಿನಾಂಕ ಬದಲಾಗುವ ಗಂಟೆಗಳಲ್ಲಿ ಒತ್ತಿದರೆ ಸನ್ನೆಗಳಿಗೂ ಹಲ್ಲುಗಳಿಗೂ ಪೆಟ್ಟಾಗಬಹುದು ಎಂಬುದು ನಿಜವೇ, ನಿಜವಾದ್ದರಿಂದಲೇ ಅದು ಮಾರುವವರಿಗೆ ಅನುಕೂಲದ ನೆಪ. ಗುಂಡಿ ಒತ್ತಿದ ಮಾತ್ರಕ್ಕೆ ಮೂಲದ ಸನ್ನೆಯ ಜಾಗದಲ್ಲಿ ಕೈಯಿಂದ ಉಜ್ಜಿ ಮಾಡಿದ ಸನ್ನೆ ಬಂದು ಕೂರುವುದಿಲ್ಲ ಎಂದು ನಾನು ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ.

ಅವರು ಮುಂದಿಟ್ಟಿದ್ದ ಇನ್ನೊಂದು ಆಧಾರವೆಂದರೆ ತಯಾರಕರ ದಾಖಲೆಗಳಿಂದ ಪಡೆದ ಪ್ರತಿ. ಅದು ಸುಳ್ಳಾಗಿರಲಿಲ್ಲ. ಆದರೆ ಆ ಸಂಖ್ಯೆಯ ಗಡಿಯಾರ ಯಾವಾಗ ತಯಾರಾಯಿತು, ಯಾವಾಗ ಮಾರಾಟವಾಯಿತು ಎಂಬ ವಿವರ ಹಳೆಯ ಲೆಕ್ಕದ ಪುಸ್ತಕದಿಂದ ಬಂದದ್ದು. ಅದನ್ನು ಬರೆದುಕೊಟ್ಟವರು ಈಗಿರುವ ಗಡಿಯಾರವನ್ನು ಬಿಚ್ಚಿ ನೋಡಿರುವುದಿಲ್ಲ.

ಆದ್ದರಿಂದ ಹಣ ಕೊಡುವ ಮೊದಲು ಮಾರಾಟಗಾರರ ಕೈಯಿಂದಲೇ ಕ್ಯಾಲೆಂಡರನ್ನು ಏಪ್ರಿಲ್ 30, ಸಾಧಾರಣ ವರ್ಷದ ಫೆಬ್ರವರಿ 28, ಅಧಿಕ ವರ್ಷದ ಫೆಬ್ರವರಿ 29ಕ್ಕೆ ಹೊಂದಿಸಿ, ಪ್ರತಿ ಸಲವೂ ಮುಳ್ಳುಗಳನ್ನು ಮಧ್ಯರಾತ್ರಿ ದಾಟಿಸಿ ತೋರಿಸುವಂತೆ ಕೇಳಿ, ಅದನ್ನೆಲ್ಲ ವೀಡಿಯೊ ಮಾಡಿಕೊಳ್ಳಿ. ಟೈಮ್‌ಗ್ರಾಫರ್ ಪರೀಕ್ಷೆಯನ್ನು ಕ್ರೋನೋಗ್ರಾಫ್ ಓಡುತ್ತಿರುವಾಗ ಒಮ್ಮೆ, ಮುಳ್ಳುಗಳು ಮಧ್ಯರಾತ್ರಿಯ ಸಮೀಪವಿರುವಾಗ ಇನ್ನೊಮ್ಮೆ ಮಾಡಿಸಿ. ಡಯಲ್ ಬಿಚ್ಚಿದ ಸ್ಥಿತಿಯ ಚಿತ್ರಗಳನ್ನೂ ಕೇಳಿ. "2100ರವರೆಗೆ ಇದನ್ನು ಮುಟ್ಟುವ ಅಗತ್ಯವೇ ಇಲ್ಲ" ಎಂಬ ಮಾತನ್ನು ನನಗೂ ಹೇಳಿದ್ದರು. 2100 ಅಧಿಕ ವರ್ಷವಲ್ಲವೆಂಬ ಲೆಕ್ಕದಿಂದ ಬಂದ ಆ ಮಾತು, ಗಡಿಯಾರ ಒಮ್ಮೆಯೂ ನಿಲ್ಲದೆ, ಸರಿಯಾಗಿ ಓಡುತ್ತಿದ್ದರೆ ಮಾತ್ರ ಅನ್ವಯವಾಗುತ್ತದೆ. ಸ್ವತಂತ್ರ ತಜ್ಞರೊಬ್ಬರು ಗಡಿಯಾರವನ್ನು ಬಿಚ್ಚಿ ನೋಡುವವರೆಗೆ ಹಣದ ಒಂದು ಭಾಗವನ್ನು ತಡೆಹಿಡಿಯಲು ಮಾರುವವರು ಲಿಖಿತವಾಗಿ ಒಪ್ಪದಿದ್ದರೆ, ಗಡಿಯಾರ ಎಷ್ಟೇ ಅಪರೂಪದ್ದಾಗಿರಲಿ, ಅಲ್ಲಿಗೇ ವ್ಯವಹಾರ ನಿಲ್ಲಿಸಿ.