ರಿಸ್ಕ್ ಮ್ಯಾನೇಜ್‌ಮೆಂಟ್ ಓದೋಕೆ ಎಂಎಸ್ಸಿನಾ, ಎಫ್‌ಆರ್‌ಎಂ ಪರೀಕ್ಷೆನಾ?
ಎರಡೂ ಒಂದೇ ಅಂದ್ಕೊಂಡು ಫೀಸ್ ಕಟ್ಬೇಡಿ. ಎಫ್‌ಆರ್‌ಎಂ ಅಂದ್ರೆ ಫೈನಾನ್ಶಿಯಲ್ ರಿಸ್ಕ್ ಮ್ಯಾನೇಜರ್ ಅನ್ನೋ ಸರ್ಟಿಫಿಕೇಟ್ ಪರೀಕ್ಷೆ, ಅದ್ರಲ್ಲಿ ಎರಡು ಪಾರ್ಟ್, ಮೊದಲನೇದ್ರಲ್ಲಿ 4 ಗಂಟೆಗೆ 100 ಪ್ರಶ್ನೆ, ಎರಡನೇದ್ರಲ್ಲಿ 80, ಕೆಲಸ ಮಾಡ್ಕೊಂಡೇ ಓದ್ಬಹುದು, ಆದ್ರೆ ಪಾಸಾದ್ರೂ 2 ವರ್ಷದ ಅನುಭವ ತೋರ್ಸೋವರೆಗೂ ಸರ್ಟಿಫಿಕೇಟ್ ಕೈಗೆ ಬರಲ್ಲ. ಪರೀಕ್ಷೇಲಿ ಕೋಡ್ ಅಂತೂ ಒಂದ್ ಲೈನೂ ಬರಿಯೋದಿಲ್ಲ. ಎಂಎಸ್ಸೀಲಿ ಅದೇ ಜಾಸ್ತಿ. ನಿಫ್ಟಿಯ 500 ದಿನದ ರಿಟರ್ನ್ (ದಿನಕ್ಕೆ ಎಷ್ಟು % ಏರಿತು, ಬಿತ್ತು ಅಂತ) ಪೈಥಾನ್‌ಗೆ ಹಾಕಿ, ಕೆಟ್ಟ ದಿನದಿಂದ ಸಾಲಾಗಿ ಜೋಡಿಸಿದ್ರೆ 5ನೇ ನಷ್ಟನೇ ಹೆಚ್ಚುಕಮ್ಮಿ 99% ವ್ಯಾಲ್ಯೂ ಅಟ್ ರಿಸ್ಕ್ (ನೂರರಲ್ಲಿ 99 ದಿನ ನಷ್ಟ ಇದನ್ನ ದಾಟಲ್ಲ ಅನ್ನೋ ಅಂದಾಜು), ಆಮೇಲೆ ಆ 500 ದಿನದಲ್ಲಿ 2020ರ ಮಾರ್ಚ್ 23 ಇಲ್ದೇ ಹೋದ್ರೆ (ಒಂದೇ ದಿನ ಸುಮಾರು 13% ಬಿದ್ದಿತ್ತು ಮಾರಾಯ್ರೆ) ಲೆಕ್ಕ ಎಷ್ಟು ಧೈರ್ಯವಾಗಿ ಸುಳ್ಳು ಹೇಳುತ್ತೆ ಅಂತಾನೂ ಗೊತ್ತಾಗುತ್ತೆ. ಬ್ಯಾಂಕಲ್ಲಿ ಆಗ್ಲೇ ಕ್ರೆಡಿಟ್ (ಸಾಲದ) ಸೈಡ್ ಇದ್ರೆ ಎಫ್‌ಆರ್‌ಎಂ ಸಾಕು, ಮಾಡೆಲ್ ಕಟ್ಟೋ ಟೀಮ್ ಬೇಕಂದ್ರೆ ಎಂಎಸ್ಸಿ. ಪ್ರಾಬಬಿಲಿಟಿ ಕಂಡ್ರೇ ಆಗಲ್ಲ ಅನ್ನೋರು ಮಾತ್ರ ಎಂಎಸ್ಸಿ ಕಡೆ ತಲೆ ಹಾಕ್ಬೇಡಿ.