ದುಡ್ಡು ಕೊಟ್ಟು ಪಾಚಿ ತಂದ ಕಥೆ: ಮೈಸೂರಿನ ಒಂದು ಮರೀನ್ ಅಂಗಡಿ ರಿವ್ಯೂ

ಬಚ್ಚಲಲ್ಲಿ ಪಾಚಿ ಕಂಡ್ರೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜೋರು ನಮ್ಮಮ್ಮ, ನಾನು 400 ರೂಪಾಯಿ ಕೊಟ್ಟು ಒಂದು ಹಿಡಿ ಪಾಚಿ ಕವರಲ್ಲಿ ಕಟ್ಟಿಸ್ಕೊಂಡು ಬಂದೆ ಅಂದಾಗ ಅವ್ರ ಮುಖ ನೋಡ್ಬೇಕಿತ್ತು.

ಕುವೆಂಪುನಗರದ ನಮ್ಮನೇಲಿ 40 ಲೀಟರಿನ ಉಪ್ಪುನೀರಿನ ಟ್ಯಾಂಕ್, ಎರಡು ಕ್ಲೌನ್ ಫಿಶ್ಶು. ನೈಟ್ರೇಟ್ (ಮೀನಿನ ಗಲೀಜಿಂದ ನೀರಲ್ಲಿ ಸೇರೋ ಕೊಳೆ) ಲೀಟರಿಗೆ 40 ಮಿಲಿಗ್ರಾಂ ದಾಟಿ ಹೋಗ್ತಿತ್ತು, ವಾರ ವಾರ ನೀರು ಬದಲಾಯಿಸಿ ಮರೀನ್ ಉಪ್ಪಿಗೇ ಸಂಬಳ ಹೋಗ್ತಿತ್ತು (ಲೀಟರಿಗೆ ಹತ್ರತ್ರ 35 ಗ್ರಾಂ ಬೇಕು ಸ್ವಾಮಿ). ಅದಕ್ಕೇ ಈ ಅಂಗಡಿಗೆ ಹೋದೆ, ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ನಾನು ತಂದಿದ್ದು ನೈಟ್ರೇಟ್ ಹೀರ್ಕೊಂಡು ಬೆಳೆಯೋ ಸಮುದ್ರದ ಪಾಚಿ, ಕೀಟೋಮಾರ್ಫಾ, ಅಂಗಡೀಲಿ ಚೀಟೋ ಅಂತಾರೆ. ಪಾತ್ರೆ ತಿಕ್ಕೋ ಹಸಿರು ನಾರು ಇರತ್ತಲ್ಲ, ಥೇಟ್ ಹಂಗೇ. ಮಾಲು ಮಾತ್ರ ಫಸ್ಟ್ ಕ್ಲಾಸ್, ಕಡು ಹಸಿರು, ಒಳಗೆ ಸಣ್ಣ ಸಣ್ಣ ಸೀಗಡಿ ಥರದ ಹುಳಗಳು ಓಡಾಡ್ತಿದ್ವು, ಮೀನಿಗೆ ಬಿಟ್ಟಿ ಊಟ. ಜೊತೇಗೆ 2800ರ ನೇರಳೆ ಲೈಟ್ ತಗೊಳ್ಳಿ ಅಂತ ಹಿಂದೆ ಬಿದ್ರು, ನಾನು ಎಲೆಕ್ಟ್ರಿಕಲ್ ಅಂಗಡೀಲಿ 6500ಕೆ (ಹಗಲು ಬೆಳಕಿನ ಥರದ) ಬಿಳಿ ಎಲ್ಇಡಿ ಬಲ್ಬ್ ತಂದು ಟ್ಯಾಂಕಿನ ಹಿಂದಿನ ಖಾನೆಗೆ ರಾತ್ರಿ ಹೊತ್ತು ಉರಿಸ್ತೀನಿ, ಮೇನ್ ಲೈಟ್ ಆಫ್ ಆದಾಗ ಚೀಟೋ ಕಾರ್ಬನ್ ಡೈಆಕ್ಸೈಡ್ ಹೀರ್ಕೊಳ್ಳತ್ತೆ, ಪಿಎಚ್ ರಾತ್ರಿ ಜಾಸ್ತಿ ಇಳಿಯಲ್ಲ. ಮೂರು ವಾರಕ್ಕೆ ಉಂಡೆ ಡಬಲ್ ಆಯ್ತು, ಒಂದೂವರೆ ತಿಂಗಳಿಗೆ ನೈಟ್ರೇಟ್ 10. ಬೆಳೆದಷ್ಟನ್ನ ಕಿತ್ತು ಎಸೀಲೇಬೇಕು, ನೀರಿನ ಕೊಳೆ ಟ್ಯಾಂಕಿಂದ ಆಚೆ ಹೋಗೋದು ಆವಾಗ್ಲೇ. ಅಮ್ಮ ಅದನ್ನ ಗೊಬ್ಬರ ಆಗತ್ತೆ ಅಂತ ಗುಲಾಬಿ ಗಿಡಕ್ಕೆ ಹಾಕೋಕೆ ಹೊರಟಿದ್ರು, ಉಪ್ಪು ಕಣಮ್ಮ ಅಂತ ಓಡೋಗಿ ತಡೆದೆ.

ಇನ್ನು ಬೈಗುಳ. ಎರಡನೇ ಸಲ ಹೋದಾಗ ಹುಡುಗ ಫ್ರೀ ಸಾರ್ ಅಂತ ಕೌಲರ್ಪಾ ಅನ್ನೋ ಇನ್ನೊಂದು ಸಮುದ್ರದ ಪಾಚಿಯ ಒಂದು ಎಳೆ ಕವರಿಗೆ ತುರುಕಿದ. ಚೆನ್ನಾಗಿ ಹಬ್ಬಿತು, ನನಗೂ ಖುಷಿ. ಒಂದು ದಿನ ಬೆಳಗ್ಗೆ ಎದ್ದು ನೋಡಿದ್ರೆ ನೀರು ಹಸಿರು ಮಜ್ಜಿಗೆ, ಎಲೆಗಳೆಲ್ಲ ಪಾರದರ್ಶಕ ಪ್ಲಾಸ್ಟಿಕ್ ಥರ, ಕ್ಲೌನ್‌ಗಳು ಮೇಲೆ ಬಂದು ಬಾಯಿ ಬಡೀತಿದ್ವು. ಈ ಗಿಡ ಎಷ್ಟು ಉದ್ದ ಹಬ್ಬಿದ್ರೂ ಒಂದೇ ಜೀವಕೋಶವಂತೆ, ಸಂತಾನಕ್ಕೆ ಮನಸು ಮಾಡಿದ್ರೆ ಒಳಗಿರೋದನ್ನೆಲ್ಲ ನೀರಿಗೆ ಬಿಟ್ಟು ಸತ್ತೇ ಹೋಗತ್ತೆ. ಏರ್ ಪಂಪ್ ಹಾಕಿ, ಅರ್ಧ ನೀರು ಬದಲಾಯಿಸಿ, ಅವತ್ತು ಆಫೀಸಿಗೆ ರಜಾ. ಫೋನ್ ಮಾಡಿದ್ರೆ ‘ಹಂಗೆಲ್ಲ ಆಗತ್ತೆ ಸಾರ್’ ಅಂದ್ರು. ಮೊದ್ಲೇ ಹೇಳೋಕೆ ಏನಾಗಿತ್ತು? ಮಿಕ್ಕ ಚೂರನ್ನ ಮೋರಿಗೆ ಬಿಡದೆ ಬಿಸಿಲಲ್ಲಿ ಒಣಗಿಸಿ ಕಸಕ್ಕೆ ಹಾಕಿದೆ, ಇದ್ರದ್ದೇ ಒಂದು ಜಾತಿ 1984ರಲ್ಲಿ ಮೊನಾಕೋ ಹತ್ರ ಸಮುದ್ರದಲ್ಲಿ ಕಂಡು ಆಮೇಲೆ ಮೆಡಿಟರೇನಿಯನ್ ಸಮುದ್ರದ ಎಷ್ಟೋ ಕಡೆ ಹಬ್ಬಿತ್ತು.

ಐದಕ್ಕೆ ಮೂರು ಸ್ಟಾರ್, ಮೂರೂ ಚೀಟೋಗೆ. ಹೋಗೋದಾದ್ರೆ ಮನೆಯಿಂದ ಡಬ್ಬ ತಗೊಂಡೋಗಿ, ಕವರಿಗೆ 20 ರೂಪಾಯಿ ಬೇರೆ ಕೀಳ್ತಾರೆ.